ಮೂರು ಸರ್ಕಾರ, ನಾಲ್ಕು ಬಗೆಯ ಕಾಗದ: ಒಂದು ಅಪೋಸ್ಟಿಲ್ ಪ್ರಕರಣ

ಪ್ರಕರಣ ಇಷ್ಟು. ನ್ಯೂಯಾರ್ಕ್ ನಗರದಲ್ಲಿ ಬಹಳ ವರ್ಷಗಳಿಂದ ಇದ್ದ ಕನ್ನಡದ ಗಂಡ-ಹೆಂಡತಿ ಸ್ಪೇನ್‌ಗೆ ಹೋಗಬೇಕೆಂದು ತೀರ್ಮಾನಿಸಿದರು. ಇಬ್ಬರದೂ ಭಾರತದ ಪಾಸ್‌ಪೋರ್ಟ್. ಒಂದು ಮಗು, ಹುಟ್ಟಿದ್ದು ಮ್ಯಾನ್‌ಹಾಟನ್‌ನಲ್ಲಿ. ಹೆಂಡತಿಯದು ಸಾಫ್ಟ್‌ವೇರ್ ಕೆಲಸ, ಲ್ಯಾಪ್‌ಟಾಪ್ ಇದ್ದರೆ ಎಲ್ಲಿಂದಲಾದರೂ ನಡೆಯುತ್ತದೆ. ಸ್ಪೇನ್ 2022ರ ಕೊನೆಯಲ್ಲಿ ತಂದ ಸ್ಟಾರ್ಟಪ್ ಕಾನೂನಿನಲ್ಲಿ ಹೀಗೆ ದೂರದಿಂದ ಕೆಲಸ ಮಾಡುವವರಿಗೆ ಒಂದು ವೀಸಾ ಇದೆ. ಜನ ಅದನ್ನು ಡಿಜಿಟಲ್ ನೊಮ್ಯಾಡ್ ವೀಸಾ ಅನ್ನುತ್ತಾರೆ. ಅರ್ಜಿ ಹೆಂಡತಿಯ ಹೆಸರಲ್ಲಿ, ಗಂಡ ಮತ್ತು ಮಗು ಅವರ ಕುಟುಂಬದವರಾಗಿ.

ಕೊಡಬೇಕಿದ್ದ ಸರ್ಕಾರಿ ಕಾಗದಗಳು ನಾಲ್ಕು ಬಗೆಯವು. ಹೆಂಡತಿಯ ಪದವಿ ಪ್ರಮಾಣಪತ್ರ, ಅದು ಕರ್ನಾಟಕದ ಒಂದು ವಿಶ್ವವಿದ್ಯಾಲಯದ್ದು. ಮದುವೆ ನೋಂದಣಿ ಪತ್ರ, ಅದೂ ಕರ್ನಾಟಕದ ಸಬ್ ರಿಜಿಸ್ಟ್ರಾರ್ ಕಚೇರಿಯದು. ಮಗುವಿನ ಜನನ ಪ್ರಮಾಣಪತ್ರ, ನ್ಯೂಯಾರ್ಕ್ ನಗರದ್ದು. ಇನ್ನು ಗಂಡ-ಹೆಂಡತಿ ಇಬ್ಬರ ಮೇಲೂ ಯಾವ ಅಪರಾಧ ದಾಖಲೆ ಇಲ್ಲ ಅನ್ನುವ, ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐ ಕೊಡುವ ವರದಿ. ಎಲ್ಲದಕ್ಕೂ ಅಪೋಸ್ಟಿಲ್ (ಕಾಗದದ ಮೇಲಿನ ಸಹಿ ಅಸಲಿ ಎಂದು ಬೇರೆ ದೇಶಕ್ಕೆ ಹೇಳುವ ಸರ್ಕಾರಿ ದೃಢೀಕರಣ) ಆಗಿರಬೇಕು, ಎಲ್ಲದಕ್ಕೂ ಸ್ಪ್ಯಾನಿಷ್ ಅನುವಾದ ಇರಬೇಕು.

ನನ್ನ ಕೈಗೆ ಫೈಲು ಬಂದದ್ದು ಮೊದಲ ಸುತ್ತು ಕೆಟ್ಟ ಮೇಲೆ. ಅಷ್ಟರಲ್ಲಿ ಪದವಿ ಪತ್ರ, ಮದುವೆ ಪತ್ರ ಎರಡೂ ತಿರಸ್ಕೃತವಾಗಿದ್ದವು. ಎಫ್‌ಬಿಐ ವರದಿಯ ಅವಧಿ ಮುಗಿಯುತ್ತಾ ಬಂದಿತ್ತು. ಜನನ ಪತ್ರಕ್ಕೆ ಅಪೋಸ್ಟಿಲ್ ಇನ್ನೂ ಸಿಕ್ಕೇ ಇರಲಿಲ್ಲ. ವಿಚಿತ್ರ ಅಂದರೆ, ತಿರಸ್ಕೃತವಾದ ಎರಡು ಕಾಗದಗಳ ಮೇಲೂ ಅಪೋಸ್ಟಿಲ್ ಇತ್ತು. ನಕಲಿಯಲ್ಲ, ನ್ಯೂಯಾರ್ಕ್ ರಾಜ್ಯವೇ ಕೊಟ್ಟ ಅಸಲಿ ಅಪೋಸ್ಟಿಲ್. "ಅಪೋಸ್ಟಿಲ್ ಕೇಳಿದ್ರು, ಕೊಟ್ಟಿದ್ದೀವಿ. ಇನ್ನೇನು ತೊಂದರೆ?" ಎಂದು ಗಂಡ ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಉತ್ತರ ಆ ಹಾಳೆಯಲ್ಲೇ ಇತ್ತು. ಅಲ್ಲಿಗೆ ಹೋಗುವ ಮೊದಲು ಅಪೋಸ್ಟಿಲ್ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಅನ್ನುವುದನ್ನು ನೋಡಬೇಕು.

ಒಂದು ದೇಶದ ಅಧಿಕಾರಿ ಹಾಕಿದ ಸಹಿ ಇನ್ನೊಂದು ದೇಶದ ಅಧಿಕಾರಿಗೆ ಗೊತ್ತಿರುವುದಿಲ್ಲ. ಕರ್ನಾಟಕದ ಯಾವುದೋ ತಾಲ್ಲೂಕಿನ ಸಬ್ ರಿಜಿಸ್ಟ್ರಾರ್ ಸಹಿ ಹೇಗಿದೆ ಎಂದು ಸ್ಪೇನ್‌ನವರಿಗೆ ಹೇಗೆ ತಿಳಿಯಬೇಕು? ಹಳೇ ಕಾಲದಲ್ಲಿ ಇದಕ್ಕೆ ಸಹಿಗಳ ಸರಪಣಿ ಕಟ್ಟುತ್ತಿದ್ದರು. ಕೆಳಗಿನವನ ಸಹಿಗೆ ಮೇಲಿನವನು ಸಹಿ, ಅವನಿಗೆ ವಿದೇಶಾಂಗ ಇಲಾಖೆ, ಕೊನೆಗೆ ಹೋಗಬೇಕಾದ ದೇಶದ ರಾಯಭಾರ ಕಚೇರಿ. ಈ ಉದ್ದದ ಸರಪಣಿಯ ಕೊನೆಯ ಕೊಂಡಿಯನ್ನು ಕತ್ತರಿಸಲೆಂದೇ 1961ರ ಅಕ್ಟೋಬರ್ 5ರಂದು ಹೇಗ್‌ನಲ್ಲಿ ಒಂದು ಒಪ್ಪಂದವಾಯಿತು. ಅದು ಜಾರಿಗೆ ಬಂದದ್ದು 1965ರಲ್ಲಿ. ಒಪ್ಪಂದದೊಳಗಿನ ದೇಶಗಳ ನಡುವೆ ರಾಯಭಾರ ಕಚೇರಿಯ ಮುದ್ರೆ ಬೇಡ, ಕಾಗದ ಹುಟ್ಟಿದ ದೇಶದ ನಿಗದಿತ ಅಧಿಕಾರಿ ಕೊಡುವ ಒಂದು ಅಪೋಸ್ಟಿಲ್ ಸಾಕು. ಸ್ಪೇನ್ 1978ರಿಂದ, ಅಮೆರಿಕ 1981ರಿಂದ, ಭಾರತ 2005ರ ಜುಲೈ 14ರಿಂದ ಇದರಲ್ಲಿವೆ. ಈಗ ಒಟ್ಟು 120ಕ್ಕೂ ಹೆಚ್ಚು ದೇಶಗಳಿವೆ. ಚೀನಾ ಬಂದದ್ದು 2023ರ ನವೆಂಬರ್‌ನಲ್ಲಿ, ಕೆನಡಾ 2024ರ ಜನವರಿಯಲ್ಲಿ.

ಇದೇ ಕುಟುಂಬ ದುಬೈಗೆ ಹೊರಟಿದ್ದರೆ ಕಥೆಯೇ ಬೇರೆ. ಯುಎಇ ಈ ಒಪ್ಪಂದದಲ್ಲಿ ಇಲ್ಲ, ಅಲ್ಲಿಗೆ ಹಳೇ ಸರಪಣಿಯೇ. ಜರ್ಮನಿಗೆ ಹೊರಟಿದ್ದರೂ ಬೇರೆ. ಜರ್ಮನಿ, ಭಾರತ ಎರಡೂ ಒಪ್ಪಂದದೊಳಗಿವೆ ನಿಜ, ಆದರೆ ಭಾರತ ಸೇರಿದಾಗ ಜರ್ಮನಿ ಆಕ್ಷೇಪ ಎತ್ತಿತು. ಹೊಸದಾಗಿ ಸೇರುವ ದೇಶದ ವಿಷಯದಲ್ಲಿ ಹಾಗೆ ಆಕ್ಷೇಪಿಸಲು ಒಪ್ಪಂದದಲ್ಲೇ ಅವಕಾಶವಿದೆ. ಆಕ್ಷೇಪ ಇರುವವರೆಗೆ ಆ ಎರಡು ದೇಶಗಳ ನಡುವೆ ಅಪೋಸ್ಟಿಲ್ ನಡೆಯುವುದಿಲ್ಲ. ಸ್ಪೇನ್ ಕೂಡ ಆಗ ಆಕ್ಷೇಪಿಸಿತ್ತು, ಆಮೇಲೆ ಹಿಂತೆಗೆದುಕೊಂಡಿತು. ಹಾಗಾಗಿ "ಎರಡೂ ದೇಶ ಪಟ್ಟಿಯಲ್ಲಿದೆಯಾ" ಅಂತ ನೋಡಿದರೆ ಸಾಲದು, "ಇವೆರಡರ ನಡುವೆ ಜಾರಿಯಲ್ಲಿದೆಯಾ" ಅಂತ ನೋಡಬೇಕು.

ಇನ್ನು ಅಪೋಸ್ಟಿಲ್ ಏನನ್ನು ಹೇಳುತ್ತದೆ? ಒಪ್ಪಂದದ 5ನೇ ವಿಧಿಯ ಪ್ರಕಾರ ಮೂರೇ ವಿಷಯ. ಈ ಸಹಿ ಅಸಲಿ. ಸಹಿ ಹಾಕಿದವರು ಇಂಥ ಹುದ್ದೆಯಲ್ಲಿ ಹಾಕಿದ್ದಾರೆ. ಮೇಲಿರುವ ಮೊಹರು ಅವರದೇ. ಅಷ್ಟೇ. ಕಾಗದದೊಳಗೆ ಬರೆದಿರುವುದು ನಿಜವಾ ಅನ್ನುವುದರ ಬಗ್ಗೆ ಅದು ಬಾಯಿ ಬಿಡುವುದಿಲ್ಲ. ಪದವಿಗೆ ಅಪೋಸ್ಟಿಲ್ ಆಯಿತೆಂದರೆ ಆ ಪದವಿಯನ್ನು ಸ್ಪೇನ್ ತನ್ನ ಪದವಿಗೆ ಸಮ ಎಂದು ಒಪ್ಪಿತು ಎಂದೂ ಅಲ್ಲ. ಅದಕ್ಕೆ ಹೊಮೊಲೊಗಾಸಿಯೊನ್ ಎಂಬ ಬೇರೆಯೇ ಪ್ರಕ್ರಿಯೆ ಇದೆ. ವೈದ್ಯರು, ನರ್ಸುಗಳು ಅದರಲ್ಲಿ ಸಿಕ್ಕಿಕೊಳ್ಳುತ್ತಾರೆ. ಈ ವೀಸಾಗೆ ಅದು ಬೇಕಿರಲಿಲ್ಲ.

ಅಪೋಸ್ಟಿಲ್ ಎಲ್ಲಾ ದೇಶದಲ್ಲೂ ಒಂದೇ ನಮೂನೆ. ಒಂದು ಚೌಕ, ಮೇಲೆ ಫ್ರೆಂಚ್‌ನಲ್ಲಿ ಶೀರ್ಷಿಕೆ, ಕೆಳಗೆ ಹತ್ತು ಸಾಲು. ಮೊದಲ ಸಾಲು ದೇಶ. ಎರಡನೆಯದು ಯಾರು ಸಹಿ ಹಾಕಿದ್ದಾರೆ. ಮೂರನೆಯದು ಯಾವ ಹುದ್ದೆಯಲ್ಲಿ. ನಾಲ್ಕನೆಯದು ಯಾರ ಮೊಹರು. ಉಳಿದ ಆರು ಸಾಲು ಅಪೋಸ್ಟಿಲ್ ಕೊಟ್ಟವರ ವಿವರ: ಊರು, ದಿನ, ಅಧಿಕಾರಿ, ಸಂಖ್ಯೆ, ಮೊಹರು, ಸಹಿ. ಭಾಷೆ ಬಾರದಿದ್ದರೂ ಸಾಲಿನ ನಂಬರು ನೋಡಿ ಓದಬಹುದು.

ಈಗ ತಿರಸ್ಕೃತವಾದ ಮದುವೆ ಪತ್ರದ ಹಾಳೆಯನ್ನು ಹೀಗೆ ಓದೋಣ. ಮೊದಲ ಸಾಲು: ದೇಶ, ಅಮೆರಿಕ ಸಂಯುಕ್ತ ಸಂಸ್ಥಾನ. ಎರಡನೆಯದು: ಸಹಿ ಹಾಕಿದವರ ಹೆಸರು, ಅದು ನ್ಯೂಯಾರ್ಕಿನ ಒಬ್ಬ ಅಧಿಕಾರಿಯದು. ಮೂರನೆಯದು: ಹುದ್ದೆ, ನ್ಯೂಯಾರ್ಕ್ ಕೌಂಟಿಯ (ಕೌಂಟಿ ಅಂದರೆ ನಮ್ಮ ಜಿಲ್ಲೆಯಂಥದ್ದು) ಕೌಂಟಿ ಕ್ಲರ್ಕ್. ನಾಲ್ಕನೆಯದು: ಮೊಹರು, ಅದೇ ಕೌಂಟಿಯದು. ಮದುವೆ ನೋಂದಾಯಿಸಿದ ಸಬ್ ರಿಜಿಸ್ಟ್ರಾರ್ ಎಲ್ಲಿದ್ದಾರೆ? ಹತ್ತು ಸಾಲಿನಲ್ಲಿ ಎಲ್ಲೂ ಇಲ್ಲ.

ಆಗಿದ್ದೇನೆಂದರೆ, ದಂಪತಿ ಒಬ್ಬ ಏಜೆಂಟರ ಹತ್ತಿರ ಹೋಗಿದ್ದರು. "ಎಲ್ಲಾ ಇಲ್ಲೇ ಮಾಡಿಸಿಕೊಡ್ತೀವಿ, ಭಾರತಕ್ಕೆ ಕಳಿಸೋದೇ ಬೇಡ" ಎಂದು ಅವರು ಭರವಸೆ ಕೊಟ್ಟರು. ಮದುವೆ ಪತ್ರದ ಜೆರಾಕ್ಸ್ ತೆಗೆದು, "ಇದು ಮೂಲದ ನಿಜವಾದ ಪ್ರತಿ" ಎಂದು ದಂಪತಿಯಿಂದಲೇ ಬರೆಸಿ, ಅವರ ಸಹಿಗೆ ನ್ಯೂಯಾರ್ಕಿನ ನೋಟರಿಯಿಂದ ಸಹಿ ಹಾಕಿಸಿದರು. ನೋಟರಿಯ ಸಹಿಯನ್ನು ಕೌಂಟಿ ಕ್ಲರ್ಕ್ ದೃಢೀಕರಿಸಿದರು. ಕೌಂಟಿ ಕ್ಲರ್ಕ್ ಸಹಿಗೆ ನ್ಯೂಯಾರ್ಕ್ ರಾಜ್ಯ ಅಪೋಸ್ಟಿಲ್ ಕೊಟ್ಟಿತು. ಪ್ರತಿ ಹೆಜ್ಜೆಯೂ ಕಾನೂನಿನ ಪ್ರಕಾರ ಸರಿ. ಆದರೆ ಆ ಸರಪಣಿ ಹಿಡಿದು ಹಿಂದಕ್ಕೆ ಹೋದರೆ ಕೊನೆಗೆ ಸಿಗುವುದು ನೋಟರಿಯ ಎದುರು ನಿಂತು "ಇದು ನಿಜ" ಎಂದ ಗಂಡ-ಹೆಂಡತಿಯೇ. ತಮ್ಮ ಮದುವೆಗೆ ತಾವೇ ಸಾಕ್ಷಿ ಕೊಟ್ಟುಕೊಂಡ ಹಾಗೆ. ಸ್ಪೇನ್‌ನ ಕಾನ್ಸುಲೇಟ್ ಒಪ್ಪದೇ ಇದ್ದದ್ದರಲ್ಲಿ ಆಶ್ಚರ್ಯವಿಲ್ಲ. ಪದವಿ ಪತ್ರಕ್ಕೂ ಇದೇ ಗತಿಯಾಗಿತ್ತು.

ನೋಟರಿಯ ದಾರಿಯೇ ಸುಳ್ಳು ಎಂದುಕೊಳ್ಳಬೇಡಿ. ಅದಕ್ಕೆ ಅದರದೇ ಜಾಗ ಇದೆ. ಮುಖ್ತಿಯಾರ್ ಪತ್ರ, ಅಫಿಡವಿಟ್, ಕಂಪನಿ ಕೊಡುವ ಪತ್ರ, ಇವೆಲ್ಲ ಖಾಸಗಿ ಕಾಗದಗಳು. ಅವಕ್ಕೆ ನೇರವಾಗಿ ಅಪೋಸ್ಟಿಲ್ ಸಿಗುವುದಿಲ್ಲ, ನೋಟರಿಯ ಮೂಲಕವೇ ಬರಬೇಕು. ಆದರೆ ಮದುವೆ, ಜನನ, ಪದವಿ ಪತ್ರಗಳನ್ನು ಕೊಟ್ಟವರು ಬೇರೆ. ಅವಕ್ಕೆ ಬೇಕಾದ್ದು ಕೊಟ್ಟವರ ಸಹಿಗೇ ದೃಢೀಕರಣ. ನಾನು ಈ ಕೆಲಸದಲ್ಲಿ ನೋಡಿದ ತಿರಸ್ಕೃತ ಫೈಲುಗಳಲ್ಲಿ ಜಾಸ್ತಿ ಕಂಡದ್ದು ಇದೇ: ಕಾಗದ ಒಂದು ದೇಶದ್ದು, ಅಪೋಸ್ಟಿಲ್‌ನ ಮೊದಲ ಸಾಲಲ್ಲಿ ಇನ್ನೊಂದು ದೇಶ. ಇದನ್ನು ಪತ್ತೆಹಚ್ಚಲು ವಕೀಲರೇನೂ ಬೇಕಿಲ್ಲ.

ನೀವು ಎಲ್ಲಿ ವಾಸ ಮಾಡುತ್ತೀರಿ ಅನ್ನುವುದು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಕಾಗದ ಎಲ್ಲಿ ಹುಟ್ಟಿತೋ ಅಲ್ಲಿಗೇ ವಾಪಸ್ ಹೋಗಬೇಕು. ಹಾಗಾದರೆ ನ್ಯೂಯಾರ್ಕಿನಲ್ಲೇ ಭಾರತದ ಕಾನ್ಸುಲೇಟ್ ಇದೆಯಲ್ಲ, ಅವರು ಮಾಡಿಕೊಡಬಹುದಲ್ವಾ ಎಂದು ದಂಪತಿ ಕೇಳಿದರು. ಆಗುವುದಿಲ್ಲ. ರಾಯಭಾರ ಕಚೇರಿ, ಕಾನ್ಸುಲೇಟ್ ಅಧಿಕಾರಿಗಳು ಮಾಡಿದ ಕಾಗದಗಳನ್ನು ಒಪ್ಪಂದದ 1ನೇ ವಿಧಿಯೇ ಹೊರಗಿಟ್ಟಿದೆ. ಭಾರತದ ಕಾಗದಕ್ಕೆ ಅಪೋಸ್ಟಿಲ್ ಕೊಡುವುದು ಭಾರತದೊಳಗಿರುವ ವಿದೇಶಾಂಗ ಸಚಿವಾಲಯ.

ಹೀಗೆ ನಾಲ್ಕು ಬಗೆಯ ಕಾಗದಕ್ಕೆ ಮೂರು ಸರ್ಕಾರಗಳ ಬಾಗಿಲು: ಭಾರತ ಸರ್ಕಾರ, ನ್ಯೂಯಾರ್ಕ್ ರಾಜ್ಯ ಸರ್ಕಾರ, ಅಮೆರಿಕದ ಫೆಡರಲ್ ಸರ್ಕಾರ.

ಮೊದಲು ಭಾರತದ ಕಾಗದಗಳು, ಯಾಕೆಂದರೆ ದೂರದ ದಾರಿ ಅದೇ. ಇಲ್ಲಿ ಎರಡು ಹಂತ. ಮೊದಲು ರಾಜ್ಯ, ಆಮೇಲೆ ಕೇಂದ್ರ. ಶಿಕ್ಷಣದ ಕಾಗದಕ್ಕೆ ಅದನ್ನು ಕೊಟ್ಟ ರಾಜ್ಯದ ಶಿಕ್ಷಣ ಇಲಾಖೆ. ಜನನ, ಮದುವೆಯಂಥ ವೈಯಕ್ತಿಕ ಕಾಗದಕ್ಕೆ ರಾಜ್ಯದ ಗೃಹ ಇಲಾಖೆ ಅಥವಾ ಸಾಮಾನ್ಯ ಆಡಳಿತ ಇಲಾಖೆ. ವ್ಯಾಪಾರದ ಕಾಗದಕ್ಕೆ ವಾಣಿಜ್ಯ ಮಂಡಳಿ. ರಾಜ್ಯದ ಮುದ್ರೆ ಬಿದ್ದ ಮೇಲೆ ವಿದೇಶಾಂಗ ಸಚಿವಾಲಯ ಅಪೋಸ್ಟಿಲ್ ಕೊಡುತ್ತದೆ. ಸಚಿವಾಲಯ ಜನರಿಂದ ನೇರವಾಗಿ ಕಾಗದ ತೆಗೆದುಕೊಳ್ಳುವುದಿಲ್ಲ. 2012ರಿಂದ ಅದಕ್ಕೆಂದೇ ನೇಮಿಸಿದ ಏಜೆನ್ಸಿಗಳ ಮೂಲಕ ಹೋಗಬೇಕು. ದೆಹಲಿಗೇ ಕಳಿಸಬೇಕೆಂದೇನಿಲ್ಲ, ಈಗ ಬೆಂಗಳೂರೂ ಸೇರಿದಂತೆ ಹಲವು ನಗರಗಳಲ್ಲಿ ಈ ಕೆಲಸ ನಡೆಯುತ್ತದೆ. ಅಪೋಸ್ಟಿಲ್‌ಗೆ ಸಚಿವಾಲಯದ ಶುಲ್ಕ ಒಂದು ಕಾಗದಕ್ಕೆ 50 ರೂಪಾಯಿ, ಅದರ ಮೇಲೆ ಏಜೆನ್ಸಿಯ ಸೇವಾ ಶುಲ್ಕ. ನ್ಯೂಯಾರ್ಕಿನ ಏಜೆಂಟರು ಹೇಳಿದ ಮೊತ್ತದ ಪಕ್ಕ ಈ 50 ರೂಪಾಯಿ ಬರೆದು ತೋರಿಸಿದಾಗ ಗಂಡ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಓಡಾಡಿದವರು ಕರ್ನಾಟಕದಲ್ಲಿದ್ದ ಹೆಂಡತಿಯ ಅಪ್ಪ. ಮದುವೆ ಪತ್ರದ ಮೂಲ ಪ್ರತಿ ಅವರ ಬೀರುವಿನಲ್ಲೇ ಇತ್ತು. ನ್ಯೂಯಾರ್ಕಿಗೆ ಹೋಗಿದ್ದು ಅದರ ಸ್ಕ್ಯಾನ್ ಮಾತ್ರ. ತೊಂದರೆ ಏನೆಂದರೆ ಮೂಲ ಪ್ರತಿಗೆ ಲ್ಯಾಮಿನೇಷನ್ ಮಾಡಿಸಿದ್ದರು. ನಮ್ಮಲ್ಲಿ ಮುಖ್ಯವಾದ ಕಾಗದ ಕೈಗೆ ಬಂದರೆ ಮೊದಲು ಹೋಗುವುದೇ ಲ್ಯಾಮಿನೇಷನ್ ಅಂಗಡಿಗೆ, ಅಲ್ವಾ? ಪ್ಲಾಸ್ಟಿಕ್ ಮೇಲೆ ಮೊಹರು ನಿಲ್ಲುವುದಿಲ್ಲ. ಭಾರತದ ಅಪೋಸ್ಟಿಲ್ ಸ್ಟಿಕರ್ ರೂಪದಲ್ಲಿ ಕಾಗದದ ಹಿಂಬದಿಗೆ ಅಂಟಿಸುವಂಥದ್ದು, ಅದಕ್ಕೂ ಕಾಗದವೇ ಬೇಕು. ಬಿಸಿ ಮಾಡಿ ಪ್ಲಾಸ್ಟಿಕ್ ಬಿಡಿಸಲು ಹೋದರೆ ಶಾಯಿಯೂ ಜೊತೆಗೆ ಎದ್ದು ಬರುವ ಭಯ.

"ಅಪ್ಪಾ, ಅದು ಬೇಡ. ಸಬ್ ರಿಜಿಸ್ಟ್ರಾರ್ ಆಫೀಸಿಂದ ಹೊಸ ಪ್ರತಿ ತಗೊಳ್ಳಿ."

"ಇಷ್ಟು ವರ್ಷ ಒಂದು ಮಡಿಕೆ ಬೀಳದ ಹಾಗೆ ಇಟ್ಟಿದ್ದೀನಲ್ಲಮ್ಮ, ಇದಕ್ಕೇನಾಗಿದೆ?"

ಹೊಸ ಪ್ರತಿ ತೆಗೆಸಲು ಇನ್ನೂ ಒಂದು ಕಾರಣವಿತ್ತು, ಲ್ಯಾಮಿನೇಷನ್‌ಗಿಂತ ಅದು ದೊಡ್ಡದು. ದೃಢೀಕರಿಸುವ ಕಚೇರಿ ಸಹಿಯನ್ನು ಹೇಗೆ ಪರೀಕ್ಷಿಸುತ್ತದೆ? ತನ್ನ ಹತ್ತಿರ ಇರುವ ಮಾದರಿ ಸಹಿಯ ಜೊತೆ ಹೋಲಿಸಿ. ಎಷ್ಟೋ ವರ್ಷದ ಹಿಂದೆ ಸಹಿ ಹಾಕಿದ ಅಧಿಕಾರಿ ವರ್ಗವಾಗಿಯೋ ನಿವೃತ್ತಿಯಾಗಿಯೋ ಹೋಗಿರುತ್ತಾರೆ. ಅವರ ಮಾದರಿ ಸಹಿ ಸಿಗದಿದ್ದರೆ ಕಾಗದ ಅಸಲಿಯಾಗಿದ್ದೂ ನಿಂತುಬಿಡುತ್ತದೆ. ಈಗಿನ ಅಧಿಕಾರಿ ಸಹಿ ಹಾಕಿ ಕೊಟ್ಟ ದೃಢೀಕೃತ ಪ್ರತಿಗೆ ಆ ತಾಪತ್ರಯ ಇಲ್ಲ. ಮದುವೆಯ ದಿನ ಹಳೆಯದೇ ಇರುತ್ತದೆ, ಸಹಿ ಮಾತ್ರ ಹೊಸದು. ಹೊಸ ಪ್ರತಿ ಸಿಗುವಂಥ ಯಾವ ಕಾಗದಕ್ಕೂ ನಾನು ಹಳೆಯದನ್ನು ಕಳಿಸಲು ಹೇಳುವುದಿಲ್ಲ.

ಪದವಿ ಪತ್ರಕ್ಕೆ ಆ ಅನುಕೂಲ ಇಲ್ಲ. ಒಂದೇ ಮೂಲ ಪ್ರತಿ, ಅದೂ ನ್ಯೂಯಾರ್ಕಿನಲ್ಲಿ. ಡಿಜಿಟಲ್ ಭಂಡಾರದಲ್ಲಿ ಪದವಿ ದಾಖಲಾಗಿದ್ದರೆ 2017ರಲ್ಲಿ ಶುರುವಾದ ಇ-ಸನದ್ ಎಂಬ ಆನ್‌ಲೈನ್ ದಾರಿ ಇದೆ. ಈ ಪದವಿ ಅದಕ್ಕಿಂತ ಹಳೆಯದು, ಅಲ್ಲಿ ಸಿಗಲಿಲ್ಲ. ಊರಿಗೆ ಹೊರಟಿದ್ದ ಪರಿಚಯದವರ ಕೈಯಲ್ಲಿ ಮೂಲ ಪ್ರತಿಯನ್ನೂ, ಅಪ್ಪನಿಗೆ ಅಧಿಕಾರ ಕೊಡುವ ಪತ್ರವನ್ನೂ ಕಳಿಸಿದರು. ರಾಜ್ಯದ ಹಂತದಲ್ಲೇ ಸಮಯ ಹೆಚ್ಚು ಹೋಯಿತು, ಕೇಂದ್ರದ ಹಂತ ಬೇಗ ಮುಗಿಯಿತು.

ಸುಮ್ನೆ ಒಂದು ಮಾತು. ಈ ವೀಸಾಗೆ ಪದವಿ ಇಲ್ಲದಿದ್ದರೆ ಮೂರು ವರ್ಷದ ಕೆಲಸದ ಅನುಭವ ತೋರಿಸಿದರೂ ಆಗುತ್ತದೆ. ಹೆಂಡತಿಗೆ ಅದು ಧಾರಾಳವಾಗಿ ಇತ್ತು. ಅನುಭವದ ಪತ್ರ ಅಮೆರಿಕದ ಕಂಪನಿಯದು, ಅಂದರೆ ಖಾಸಗಿ ಕಾಗದ. ಅದಕ್ಕೆ ಮಾತ್ರ ನೋಟರಿ, ಕೌಂಟಿ ಕ್ಲರ್ಕ್, ರಾಜ್ಯ ಅನ್ನುವ ಆ ನ್ಯೂಯಾರ್ಕ್ ದಾರಿಯೇ ಸರಿಯಾದ ದಾರಿ. ಪದವಿ ಪತ್ರಕ್ಕೆ ತಪ್ಪಾಗಿ ಹಿಡಿದ ರಸ್ತೆ ಇದಕ್ಕೆ ಸರಿಯಾಗಿ ಹೊಂದುತ್ತಿತ್ತು. ಮದುವೆ ಪತ್ರ ಹೇಗೂ ಭಾರತದಿಂದ ಬರಬೇಕಾಗಿದ್ದರಿಂದ ಪದವಿಯನ್ನೂ ಅದರ ಜೊತೆಗೇ ಮಾಡಿಸಿದೆವು. ಅದು ಮುಂದೆ ಸ್ಪೇನ್‌ನಲ್ಲಿ ಬೇರೆ ಕೆಲಸಕ್ಕೂ ಬೇಕಾಗಬಹುದು. ಆದರೆ ಬರೀ ವೀಸಾ ಆಗಬೇಕು ಅನ್ನುವವರು ಮೊದಲೇ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ಈ ಕಾಗದ ನಿಜಕ್ಕೂ ಬೇಕಾ?

ಇನ್ನು ಮಗುವಿನ ಜನನ ಪತ್ರ. ಇದು ಹತ್ತಿರದ್ದು, ಸುಲಭದ್ದು ಅಂದುಕೊಂಡಿದ್ದರು. ಮನೆಯಲ್ಲಿದ್ದ ಪ್ರತಿಯನ್ನು ತೆಗೆದುಕೊಂಡು ನೇರವಾಗಿ ರಾಜ್ಯದ ಕಚೇರಿಗೆ ಕಳಿಸಿದ್ದರು, ವಾಪಸ್ ಬಂತು. ಕಾರಣ ನ್ಯೂಯಾರ್ಕ್‌ನ ಒಂದು ವಿಶೇಷ. ಜನನ-ಮರಣ ದಾಖಲೆಯಲ್ಲಿ ನ್ಯೂಯಾರ್ಕ್ ನಗರ ರಾಜ್ಯದಿಂದ ಬೇರೆ. ನಗರದ ಐದು ಬರೋಗಳಲ್ಲಿ (ಆಡಳಿತ ವಿಭಾಗಗಳಲ್ಲಿ) ಹುಟ್ಟಿದವರ ದಾಖಲೆ ಇಡುವುದು ನಗರದ ಆರೋಗ್ಯ ಇಲಾಖೆ. ಅಲ್ಲಿನ ರಿಜಿಸ್ಟ್ರಾರ್ ಸಹಿಯನ್ನು ರಾಜ್ಯ ನೇರವಾಗಿ ದೃಢೀಕರಿಸುವುದಿಲ್ಲ. ಮಧ್ಯೆ ಒಂದು ಕೊಂಡಿ ಬೇಕು, ಅದೇ ಕೌಂಟಿ ಕ್ಲರ್ಕ್.

ಅದರ ಕ್ರಮ ಹೀಗೆ. ಆರೋಗ್ಯ ಇಲಾಖೆಯಿಂದ ಜನನ ಪತ್ರದ ಪೂರ್ಣ ನಮೂನೆಯ ಹೊಸ ಪ್ರತಿ ತರಿಸಬೇಕು. ತರಿಸುವಾಗಲೇ ಅದರ ಜೊತೆ 'ಲೆಟರ್ ಆಫ್ ಎಕ್ಸೆಂಪ್ಲಿಫಿಕೇಷನ್' ಎಂಬ ದೃಢೀಕರಣ ಪತ್ರ ಬೇಕು ಎಂದು ಕೇಳಬೇಕು. ಇದನ್ನು ಮರೆತವರೇ ಜಾಸ್ತಿ. ಈ ಪತ್ರವೇ ಮುಂದಿನ ಸರಪಣಿಗೆ ಆಧಾರ. ಎರಡನ್ನೂ ಹಿಡಿದು ಮ್ಯಾನ್‌ಹಾಟನ್‌ನ 60 ಸೆಂಟರ್ ಸ್ಟ್ರೀಟ್‌ನಲ್ಲಿರುವ ಕೌಂಟಿ ಕ್ಲರ್ಕ್ ಕಚೇರಿಗೆ ಹೋಗಬೇಕು, ಶುಲ್ಕ 3 ಡಾಲರ್. ಅಲ್ಲಿ ರಿಜಿಸ್ಟ್ರಾರ್ ಸಹಿಯನ್ನು ನೋಡಿ ದೃಢೀಕರಿಸುತ್ತಾರೆ. ಆಮೇಲೆ ನ್ಯೂಯಾರ್ಕ್ ರಾಜ್ಯದ ಡಿಪಾರ್ಟ್‌ಮೆಂಟ್ ಆಫ್ ಸ್ಟೇಟ್, ಅಲ್ಲಿ 10 ಡಾಲರ್‌ಗೆ ಅಪೋಸ್ಟಿಲ್. ಕಾಗದಗಳನ್ನು ಒಂದಕ್ಕೊಂದು ಸೇರಿಸಿ ಪಿನ್ ಹೊಡೆದಿರುತ್ತಾರೆ. ಸ್ಕ್ಯಾನ್ ಮಾಡಲು ಅನುಕೂಲ ಎಂದು ಆ ಪಿನ್ ಬಿಚ್ಚಿದರೆ ಕೆಟ್ಟಿತು. ಯಾವ ಅಪೋಸ್ಟಿಲ್ ಯಾವ ಕಾಗದದ್ದು ಅನ್ನುವುದಕ್ಕೆ ಆಧಾರವೇ ಹೋಗುತ್ತದೆ.

ಈ ಅಪೋಸ್ಟಿಲ್ ಓದಿದರೆ ತಮಾಷೆ ಅನಿಸುತ್ತದೆ. ಎರಡನೇ ಸಾಲಿನಲ್ಲಿ ಇಲ್ಲೂ ಕೌಂಟಿ ಕ್ಲರ್ಕ್ ಹೆಸರೇ! ತಿರಸ್ಕೃತವಾದ ಮದುವೆ ಪತ್ರದ ಮೇಲಿದ್ದ ನಮೂನೆಯೇ. "ಹಾಗಾದ್ರೆ ಇದೂ ತಿರಸ್ಕಾರ ಆಗುತ್ತಾ?" ಎಂದು ಹೆಂಡತಿ ಗಾಬರಿಯಾದರು. ಇಲ್ಲ. ಇಲ್ಲಿ ಸರಪಣಿ ಹಿಡಿದು ಹಿಂದಕ್ಕೆ ಹೋದರೆ ಕೌಂಟಿ ಕ್ಲರ್ಕ್ ಹಿಂದೆ ನಗರದ ರಿಜಿಸ್ಟ್ರಾರ್ ಸಿಗುತ್ತಾರೆ, ಅಂದರೆ ಜನನ ದಾಖಲೆ ಇಟ್ಟವರೇ. ಮದುವೆ ಪತ್ರದಲ್ಲಿ ಸಿಕ್ಕಿದ್ದು ನೋಟರಿ ಮತ್ತು ಅರ್ಜಿದಾರರು. ಅಪೋಸ್ಟಿಲ್ ಹಾಳೆ ಒಂದೇ ಥರ ಕಂಡರೂ ಅದರ ಕೆಳಗಿನ ಕಾಗದ ಬೇರೆ. ಹಾಗಾಗಿ ಮೊದಲ ಸಾಲನ್ನು ಓದಿ ನಿಲ್ಲಿಸಬಾರದು, ಹಿಂದಿನ ಹಾಳೆಗಳನ್ನೂ ತಿರುವಿ ನೋಡಬೇಕು.

ಎಫ್‌ಬಿಐ ವರದಿ ಫೆಡರಲ್ ಸರ್ಕಾರದ ಕಾಗದ. ಅದಕ್ಕೆ ಯಾವ ರಾಜ್ಯವೂ ಅಪೋಸ್ಟಿಲ್ ಕೊಡುವ ಹಾಗಿಲ್ಲ. ಅಮೆರಿಕದ ವಿದೇಶಾಂಗ ಇಲಾಖೆಯ ಆಥೆಂಟಿಕೇಷನ್ಸ್ ಕಚೇರಿಯೇ ಕೊಡಬೇಕು. ಬೆರಳಚ್ಚು ಕೊಟ್ಟು ವರದಿ ಪಡೆಯಲು ಎಫ್‌ಬಿಐ ಶುಲ್ಕ 18 ಡಾಲರ್, ಅಪೋಸ್ಟಿಲ್‌ಗೆ ಒಂದು ಕಾಗದಕ್ಕೆ 20 ಡಾಲರ್, ಜೊತೆಗೆ ಡಿಎಸ್-4194 ಎಂಬ ಫಾರಂ. ಇಲ್ಲೂ ಅತಿ ಜಾಣತನ ಮಾಡಿ ವರದಿಗೆ ನೋಟರಿ ಮುದ್ರೆ ಹಾಕಿಸುವವರಿದ್ದಾರೆ. ಹಾಕಿಸಬಾರದು. ಫೆಡರಲ್ ಕಾಗದದ ಮೇಲೆ ನೋಟರಿಗೆ ಕೆಲಸವೇ ಇಲ್ಲ, ಹಾಕಿಸಿದರೆ ಕಾಗದ ವಾಪಸ್ ಬರುತ್ತದೆ. ಮಗು ಚಿಕ್ಕದು, ಅದಕ್ಕೆ ವರದಿ ಬೇಕಿಲ್ಲ. ಗಂಡ-ಹೆಂಡತಿ ಅಷ್ಟು ವರ್ಷದಿಂದ ಅಮೆರಿಕದಲ್ಲೇ ಇದ್ದುದರಿಂದ ಭಾರತದ ಪೊಲೀಸ್ ಪ್ರಮಾಣಪತ್ರವನ್ನೂ ಕೇಳಲಿಲ್ಲ.

ಈ ವರದಿಯ ನಿಜವಾದ ಸಮಸ್ಯೆ ಸಮಯ. ಪದವಿ, ಮದುವೆ, ಜನನ ಇವುಗಳಲ್ಲಿರುವ ಸಂಗತಿ ಹಳೆಯದಾಗುವುದಿಲ್ಲ. ಅಪರಾಧ ದಾಖಲೆ ಹಾಗಲ್ಲ. ನಿನ್ನೆಯವರೆಗೆ ಇರದಿದ್ದದ್ದು ಇವತ್ತು ಇರಬಹುದು. ಅದಕ್ಕೇ ಅದು ಇಂತಿಷ್ಟು ತಿಂಗಳೊಳಗಿನದೇ ಆಗಿರಬೇಕು ಎಂದು ಕೇಳುತ್ತಾರೆ. ಆ ಅವಧಿಯ ಲೆಕ್ಕ ಶುರುವಾಗುವುದು ಎಫ್‌ಬಿಐ ವರದಿ ಕೊಟ್ಟ ದಿನದಿಂದ, ಅಪೋಸ್ಟಿಲ್ ಆದ ದಿನದಿಂದ ಅಲ್ಲ. ಅಂಚೆಯಲ್ಲಿ ಕಳಿಸಿದರೆ ಅಪೋಸ್ಟಿಲ್‌ಗೇ ವಾರಗಟ್ಟಲೆ ಹಿಡಿಯುತ್ತದೆ, ಅವಧಿಯ ಒಂದು ಪಾಲು ಅಲ್ಲೇ ಕರಗಿಹೋಗುತ್ತದೆ. ದಂಪತಿ ಮಾಡಿದ್ದು ಎಲ್ಲರೂ ಮಾಡುವಂಥದ್ದೇ: ಸುಲಭವಾದದ್ದು ಮೊದಲು ಮುಗಿಯಲಿ ಎಂದು ಎಫ್‌ಬಿಐ ವರದಿಯನ್ನು ಎಲ್ಲಕ್ಕಿಂತ ಮೊದಲು ತರಿಸಿಕೊಂಡರು. ಭಾರತದ ಕಾಗದ ಸರಿಯಾಗುವಷ್ಟರಲ್ಲಿ ಅದು ಹಳಸಿತು.

ಎರಡನೇ ಸುತ್ತಿನಲ್ಲಿ ಕ್ರಮವನ್ನೇ ತಿರುಗಿಸಿದೆವು. ಮೊದಲು ಭಾರತದ ಎರಡು ಕಾಗದ. ಅವು ರಾಜ್ಯದ ಹಂತ ದಾಟಿದ ಸುದ್ದಿ ಬಂದ ಮೇಲೆ ಜನನ ಪತ್ರ. ಭಾರತದ ಅಪೋಸ್ಟಿಲ್ ಆಗಿ ಕಾಗದಗಳು ಕೊರಿಯರ್ ಹತ್ತಿದ ಮೇಲೆ ಬೆರಳಚ್ಚು.

ನಡುವೆ ಒಂದು ಸಣ್ಣ ಆಮಿಷ ಬಂತು. ಭಾರತದಲ್ಲಿ ಒಬ್ಬರು ಅಪ್ಪನಿಗೆ, "ಅಪೋಸ್ಟಿಲ್ ಮೇಲೆ ಸ್ಪೇನ್ ಎಂಬಸಿ ಮುದ್ರೆಯೂ ಹಾಕಿಸಿಬಿಡಿ ಸಾರ್, ಗಟ್ಟಿಯಾಗಿರುತ್ತೆ" ಎಂದರು. ಅದಕ್ಕೆ ಬೇರೆ ದುಡ್ಡು. ಬೇಡ ಎಂದೆವು. ಅಪೋಸ್ಟಿಲ್ ಮೇಲಿನ ಸಹಿ, ಮೊಹರಿಗೆ ಇನ್ನಾವ ದೃಢೀಕರಣವೂ ಬೇಕಿಲ್ಲ ಎಂದು ಅದೇ 5ನೇ ವಿಧಿ ಸ್ಪಷ್ಟವಾಗಿ ಹೇಳುತ್ತದೆ. ಅನುಮಾನವಿದ್ದರೆ ಪರೀಕ್ಷಿಸಲು ದಾರಿ ಬೇರೆ ಇದೆ. ಅಪೋಸ್ಟಿಲ್ ಕೊಡುವ ಪ್ರತಿ ಕಚೇರಿಯೂ ಕೊಟ್ಟದ್ದರ ದಾಖಲೆ ಇಡಲೇಬೇಕು. ಎಂಟನೇ ಸಾಲಿನ ಸಂಖ್ಯೆ ಇರುವುದು ಅದಕ್ಕೇ. ಹಲವು ದೇಶಗಳಲ್ಲಿ ಆ ಸಂಖ್ಯೆ ಹಾಕಿ ಆನ್‌ಲೈನ್‌ನಲ್ಲೇ ನೋಡಬಹುದು.

ಅನುವಾದ ಕೊನೆಗೆ. ಇದರಲ್ಲಿ ಆತುರ ಮಾಡಿದರೆ ದುಡ್ಡು ದಂಡ. ಅಪೋಸ್ಟಿಲ್ ಆಗುವ ಮೊದಲೇ ಅನುವಾದ ಮಾಡಿಸಿದರೆ, ಆಮೇಲೆ ಸೇರಿಕೊಂಡ ಮುದ್ರೆಗಳು, ಅಪೋಸ್ಟಿಲ್ ಯಾವುದೂ ಅನುವಾದದಲ್ಲಿ ಇರುವುದಿಲ್ಲ. ಮತ್ತೆ ಮಾಡಿಸಬೇಕು. ಸ್ಪೇನ್‌ಗೆ ಯಾರೋ ಸ್ಪ್ಯಾನಿಷ್ ಬಲ್ಲವರು ಮಾಡಿದರೆ ಆಗುವುದಿಲ್ಲ. ಅಲ್ಲಿನ ವಿದೇಶಾಂಗ ಸಚಿವಾಲಯದ ಮಾನ್ಯತೆ ಇರುವ, ಪ್ರಮಾಣ ಸ್ವೀಕರಿಸಿದ ಅನುವಾದಕರಿದ್ದಾರೆ, ಅವರನ್ನು ತ್ರಾದುಕ್ತೋರ್ ಹುರಾದೊ ಎನ್ನುತ್ತಾರೆ. ಅವರ ಪಟ್ಟಿ ಸಾರ್ವಜನಿಕವಾಗಿ ಸಿಗುತ್ತದೆ. ಇಂಗ್ಲಿಷ್‌ನಿಂದ ಸ್ಪ್ಯಾನಿಷ್‌ಗೆ ಮಾಡುವವರು ಬೇಕಾದಷ್ಟು ಜನ. ಹಾಗಾಗಿ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹೊಸ ಪ್ರತಿ ಕೇಳುವಾಗಲೇ ಅದು ಇಂಗ್ಲಿಷ್‌ನಲ್ಲೂ ಇರಲಿ ಎಂದು ಅಪ್ಪನಿಗೆ ಹೇಳಿಸಿದ್ದೆವು. ಬರೀ ಕನ್ನಡದ ಪ್ರತಿ ಬಂದಿದ್ದರೆ ಮೊದಲು ಇಂಗ್ಲಿಷ್‌ಗೆ, ಅದನ್ನು ದೃಢೀಕರಿಸಿ, ಆಮೇಲೆ ಸ್ಪ್ಯಾನಿಷ್‌ಗೆ ಎಂದು ಇನ್ನೊಂದು ಸರಪಣಿಯೇ ಶುರುವಾಗುತ್ತಿತ್ತು.

ಕೊನೆಯ ತೊಡಕು ಹೆಸರಿನದು. ಪದವಿ ಪತ್ರದಲ್ಲಿ ಹೆಂಡತಿಯ ಹೆಸರಿನ ಹಿಂದೆ ಎರಡು ಇನಿಷಿಯಲ್. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಅಪ್ಪನ ಹೆಸರೇ ಸರ್‌ನೇಮ್ ಆಗಿದೆ. ಮದುವೆ ಪತ್ರದಲ್ಲಿ ಮೂರನೆಯದೇ ಒಂದು ರೂಪ. ನಮಗೆ ಇದು ಮಾಮೂಲಿ. ಅಪ್ಪನದೊಂದು, ಅಮ್ಮನದೊಂದು ಎಂದು ಎರಡೆರಡು ಸರ್‌ನೇಮ್ ಇಟ್ಟುಕೊಳ್ಳುವ ಸ್ಪೇನ್‌ನವರಿಗೆ ಇನಿಷಿಯಲ್ ಅಂದರೆ ಏನೆಂದೇ ಅರ್ಥವಾಗುವುದಿಲ್ಲ. ಇದನ್ನು ಅಪೋಸ್ಟಿಲ್ ಸರಿಮಾಡುವುದಿಲ್ಲ. ಅದು ಸಹಿಯನ್ನು ಮಾತ್ರ ನೋಡುತ್ತದೆ, ಹೆಸರನ್ನಲ್ಲ. ಮೂರೂ ರೂಪದ ಹೆಸರುಗಳು ಒಬ್ಬರವೇ ಎಂದು ಹೆಂಡತಿ ಪ್ರಮಾಣ ಮಾಡಿದ ಒಂದು ಅಫಿಡವಿಟ್ ಸಿದ್ಧಪಡಿಸಿದೆವು. ಅದು ನ್ಯೂಯಾರ್ಕಿನಲ್ಲೇ ಹುಟ್ಟಿದ ಖಾಸಗಿ ಕಾಗದ. ನೋಟರಿ, ಕೌಂಟಿ ಕ್ಲರ್ಕ್, ರಾಜ್ಯದ ಅಪೋಸ್ಟಿಲ್: ಈ ಸಲ ಆ ದಾರಿ ಸರಿಯಾದ ಕಾಗದಕ್ಕೇ ಬಳಕೆಯಾಯಿತು.

ಎರಡನೇ ಸಲ ಕೊಟ್ಟ ಫೈಲಿನಲ್ಲಿ ಅಪೋಸ್ಟಿಲ್ ಬಗ್ಗೆ ಯಾವ ಪ್ರಶ್ನೆಯೂ ಬರಲಿಲ್ಲ. ಹೆಸರಿನ ಬಗ್ಗೆ ಒಂದು ಸ್ಪಷ್ಟೀಕರಣ ಕೇಳಿದರು, ಅಫಿಡವಿಟ್ ತೋರಿಸಿದ ಮೇಲೆ ವೀಸಾ ಆಯಿತು. ಜನನ ಪತ್ರ ಮತ್ತು ಮದುವೆ ಪತ್ರಕ್ಕೆ ಎರಡೆರಡು ಪ್ರತಿ ಅಪೋಸ್ಟಿಲ್ ಮಾಡಿಸಿ ಇಟ್ಟುಕೊಳ್ಳಿ ಎಂದು ಹೇಳಿದ್ದೆ, ಯಾಕೆಂದರೆ ಕೆಲವು ಕಚೇರಿಗಳು ಮೂಲವನ್ನೇ ಇಟ್ಟುಕೊಂಡುಬಿಡುತ್ತವೆ. ಜನನ ಪತ್ರದ ಎರಡನೇ ಪ್ರತಿ ಮಗುವನ್ನು ಅಲ್ಲಿನ ಶಾಲೆಗೆ ಸೇರಿಸುವಾಗ ಬಳಕೆಗೆ ಬಂತು. ಮದುವೆ ಪತ್ರದ್ದು ಇನ್ನೂ ಫೈಲಿನಲ್ಲೇ ಇದೆ, ಪಿನ್ ಬಿಚ್ಚದೆ, ಲ್ಯಾಮಿನೇಷನ್ ಇಲ್ಲದೆ.